ಮಗು ಈಗ ತಾನೇ ಮಲಗಿದೆ

“ಇಲ್ಲಿ ಬೆಲ್ಲೇ ಇಲ್ವಲ್ಲ,” ಎಂದರು ಅತ್ತೆ.

ಪಿಟೀಲು ಮೇಷ್ಟ್ರ ಮನೆ ಬಾಗಿಲಿನ ಪಕ್ಕದಲ್ಲಿ, ಬೆಲ್ ಇರಬೇಕಾದ ಜಾಗದಲ್ಲಿ, ಎರಡು ತೂತುಗಳು ಮಾತ್ರ ಇದ್ದವು. ಸುತ್ತ ಬಣ್ಣ ಬಳಿಯದ ಒಂದು ಚೌಕ. ಅತ್ತೆ ಆ ಚೌಕದ ಮೇಲೆ ಹೆಬ್ಬೆರಳಿಟ್ಟು ಒತ್ತಿ ನೋಡಿದರು. ಏನೂ ಆಗುವುದಿಲ್ಲವೆಂದು ಗೊತ್ತಿದ್ದರೂ ಒತ್ತಿ ನೋಡುವುದು ಅವರ ಅಭ್ಯಾಸ. ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳನ್ನು ಹುಡುಕುವ ಕೆಲಸದಿಂದ ನಿವೃತ್ತರಾಗಿದ್ದರು, ಅಭ್ಯಾಸ ನಿವೃತ್ತವಾಗಿರಲಿಲ್ಲ.

“ಮೇಷ್ಟ್ರೇ ಕಿತ್ತು ಹಾಕ್ಸಿದ್ರಂತೆ,” ಎಂದ ಅಳಿಯ. “ಪಾಠದ ಮಧ್ಯೆ ಬೆಲ್ ಹೊಡೆದ್ರೆ ಶ್ರುತಿ ಕೆಡುತ್ತಂತೆ. ಬಂದವರು ಬಾಗಿಲು ತಟ್ಟಬೇಕು.”

“ಹಾಗಿದ್ರೆ ಬೀಗದವನಿಗೆ ಬೆಲ್ ಒತ್ತಬೇಡಿ ಅಂತ ಬರೆದವರು ಈ ಮನೆಗೆ ಬಂದೇ ಇಲ್ವಾ? ಅಥವಾ ಬಂದೂ ಮರೆತ್ರಾ?”

ಬಾಡಿಗೆ ಕಾರು ಓಡಿಸುವ ಅಳಿಯನಿಗೆ ಒಂದು ಪಾಠ ಚೆನ್ನಾಗಿ ಗೊತ್ತಿತ್ತು: ಹಿಂದಿನ ಸೀಟಿನವರು ತಮ್ಮಷ್ಟಕ್ಕೆ ಮಾತಾಡಿಕೊಳ್ಳುವಾಗ ಡ್ರೈವರ್ ನಡುವೆ ಬಾಯಿ ಹಾಕಬಾರದು. ಅತ್ತೆ ಯಾವ ಸೀಟಿನಲ್ಲಿ ಕೂತರೂ ಹಿಂದಿನ ಸೀಟಿನವರೇ.

ಅತ್ತೆಯ ಸಹಾಯ ಕೇಳಿ ಬಂದಿದ್ದ ಬೀಗದಣ್ಣ ಮೆಟ್ಟಿಲ ಮೇಲೆ ಕೂತಿದ್ದ. ತೊಡೆಯ ಮೇಲೆ ಕ್ಯಾನ್ವಾಸ್ ಚೀಲ, ಚೀಲದ ಮೇಲೆ ಎರಡೂ ಕೈ. ಬೀಗ ರಿಪೇರಿ ಅವನ ಕಸುಬು. ಕಳೆದ ಶುಕ್ರವಾರ ಈ ಬಾಗಿಲನ್ನು ತೆಗೆದವನು ಅವನೇ. ಮೇಷ್ಟ್ರು ಊರಲ್ಲಿರಲಿಲ್ಲ. ಮಾರನೆಯ ದಿನ ಅವರು ಬಂದು ನೋಡಿದಾಗ ಬಾಗಿಲಿಗೆ ಬೀಗವಿರಲಿಲ್ಲ, ಬರೀ ಎಳೆದಿತ್ತು. ಗೋಡೆಯ ಮೊಳೆಯಲ್ಲಿ ಪಿಟೀಲು ಇರಲಿಲ್ಲ.

“ಇನ್ನೊಂದು ಸಲ ಹೇಳಪ್ಪ,” ಎಂದು ಅತ್ತೆ ಅವನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತರು.

“ಎಷ್ಟು ಸಲ ಅಂತ ಹೇಳಲಿ ಅಮ್ಮ? ಹೇಳಿ ಹೇಳಿ ನಂಗೇ ಸುಳ್ಳು ಅನ್ಸೋಕೆ ಶುರುವಾಗಿದೆ.”

“ನಿಜ ಆದ್ರೆ ಸವೆಯಲ್ಲ. ಹೇಳು.”

ಬೀಗದಣ್ಣ ಉಸಿರೆಳೆದುಕೊಂಡ. “ಆ್ಯಪಲ್ಲಿ ಆರ್ಡರ್ ಬಂತು. ನಕ್ಷೆ ಮೇಲೆ ಗುರುತು ಸರಿಯಾಗಿ ಇದೇ ಬಾಗಿಲ ಮೇಲಿತ್ತು. ಗಿರಾಕಿ ಹೆಸರಿನ ಜಾಗದಲ್ಲಿ ಬರೀ ‘ಮನೆ’ ಅಂತ. ಕೆಳಗೊಂದು ಸೂಚನೆ: ಬೆಲ್ ಒತ್ತಬೇಡಿ, ಬಾಗಿಲು ತಟ್ಟಬೇಡಿ, ಮಗು ಈಗ ತಾನೇ ಮಲಗಿದೆ.”

“ಅದನ್ನ ನೋಡಿ ಏನಂದ್ಕೊಂಡೆ?”

“ಏನಂದ್ಕೊಳ್ಳೋದು? ನಮ್ಮ ಕಸುಬಲ್ಲಿ ದಿನಾ ಇದೇ ಕಥೆ. ತಾಯಿ ಕಸ ಹಾಕೋಕೆ ಅಂತ ಹೊರಗೆ ಕಾಲಿಡ್ತಾಳೆ, ಗಾಳಿಗೆ ಬಾಗಿಲು ಹಾಕ್ಕೊಳ್ಳುತ್ತೆ, ಮಗು ಒಳಗೆ. ಅಂಥ ಹೊತ್ತಲ್ಲಿ ಮನೆ ನಿಮ್ದೇನಾ, ಗುರುತಿನ ಚೀಟಿ ತೋರ್ಸಿ ಅಂತ ಕೂತ್ಕೊಂಡ್ರೆ ನಾನು ಮನುಷ್ಯನಾ? ಆ್ಯಪಿಂದಲೇ ಫೋನ್ ಮಾಡ್ದೆ. ಒಬ್ಬ ಹೆಣ್ಣುಮಗಳು ಪಿಸುಗುಟ್ಟಿದ್ಲು, ‘ತೆಗೀರಿ, ಅಲ್ಲೇ ಒಬ್ರು ಬರ್ತಾರೆ’ ಅಂತ. ತೆಗೆದೆ. ಒಳಗೆ ತೊಟ್ಟಿಲೂ ಇಲ್ಲ, ಮಗೂನೂ ಇಲ್ಲ. ಗೋಡೆ ಮೇಲೆ ಪಿಟೀಲು ಇತ್ತು, ಕಣ್ಣಾರೆ ನೋಡಿದ್ದೀನಿ. ಇಲ್ಲೇ ಮೆಟ್ಟಿಲ ಮೇಲೆ ಕಾದೆ. ಯಾರೂ ಬರಲಿಲ್ಲ. ಆ ಕಡೆಯಿಂದ ಕೆಲಸ ಮುಗೀತು ಅಂತ ಒತ್ತಿಬಿಟ್ರು. ಇನ್ನೊಂದು ಆರ್ಡರ್ ಬಂತು. ಬಾಗಿಲು ಎಳ್ಕೊಂಡು ಹೋದೆ.”

ಅಷ್ಟೇ ಆಗಿದ್ದರೆ ಒಂದು ಎಡವಟ್ಟು ಎಂದು ಬಿಡಬಹುದಿತ್ತು. ಆದರೆ ಬಡಾವಣೆ ಸಂಘದ ಕಾರ್ಯದರ್ಶಿಗಳು ಅದನ್ನು ಠರಾವು ಮಾಡಿಬಿಟ್ಟಿದ್ದರು: ಮೇಷ್ಟ್ರು ಒಬ್ಬಂಟಿ, ಆ ಮನೆಯಲ್ಲಿ ಮಗುವಿಲ್ಲ, ಅಂಥ ಹೆಂಗಸೂ ಇಲ್ಲ, ಆದ್ದರಿಂದ ಗಿರಾಕಿಯೇ ಇಲ್ಲ, ಬೀಗದವನೇ ಇನ್ಯಾರದೋ ಫೋನಿನಿಂದ ಸುಳ್ಳು ಆರ್ಡರ್ ಹಾಕಿಸಿ ಪಿಟೀಲು ಹೊಡೆದಿದ್ದಾನೆ. ದೂರು ಕೇಳಿದ ಕೂಡಲೇ ಆ್ಯಪಿನವರು ಅವನ ಖಾತೆ ಮುಚ್ಚಿದರು. ಈಗ ಆ ಆರ್ಡರನ್ನು ತೆರೆದು ತೋರಿಸುವುದಕ್ಕೂ ಅವನಿಗೆ ದಾರಿಯಿಲ್ಲ. ಸಹಾಯವಾಣಿಗೆ ಫೋನ್ ಮಾಡಿದರೆ ಒಂದು ಸಿಹಿಯಾದ ದನಿ ‘ನಿಮ್ಮ ತೊಂದರೆಗೆ ವಿಷಾದಿಸುತ್ತೇವೆ’ ಎಂದು ವಿಷಾದವೇ ಇಲ್ಲದೆ ಹೇಳುತ್ತಿತ್ತು.

ಈ ಸಂಜೆ ಸಂಘದ ಸಭೆ. ಸಭೆ ಮುಗಿದ ಮೇಲೆ ಎಲ್ಲರ ಸಹಿ ಇರುವ ದೂರು ಠಾಣೆಗೆ ಹೋಗುತ್ತದೆ.

“ಠಾಣೆಗೆ ನಾನು ಹೆದರಲ್ಲ ಅಮ್ಮ,” ಎಂದ ಬೀಗದಣ್ಣ. “ಅಡುಗೆಯವನ ಮೇಲೆ ಕಳ್ಳ ಅಂತ ಮಾತು ಬಂದ್ರೆ ಸೌಟು ಹಿಡಿಯೋಕೆ ಇನ್ನೊಂದು ಮನೆ ಸಿಗುತ್ತೆ. ಬೀಗದವನಿಗೆ ಆ ಮಾತು ಬಂದ್ರೆ? ಯಾವ ಬಾಗಿಲು ಮುಟ್ಟೋಕೆ ಬಿಡ್ತಾರೆ? ಅಪ್ಪನ ಕಾಲದ ಚೀಲ ಇದು. ಹೆಂಡ್ತಿಗೂ ಮುಟ್ಸಲ್ಲ. ಮಗ ಏಳನೇ ಕ್ಲಾಸು, ಒಬ್ಬನೇ ಮಗ, ಅವನೂ ದೂರದಿಂದಲೇ ನೋಡ್ಬೇಕು. ನಿನ್ನೆ ಸಂಘದ ಆಫೀಸಲ್ಲಿ ಸುರಿಸಿ ನೋಡಿದ್ರಲ್ಲ, ಅದೇ ಮೊದಲು ಇದ್ರೊಳಗೆ ಬೇರೆ ಕೈ ಹೋಗಿದ್ದು.”

“ತಿರುಗಿ ತುಂಬ್ಸಿ ಕೊಟ್ರಾ?” ಅಳಿಯ ಕೇಳಿದ.

“ಕೊಟ್ರು. ಆ ವಿಷಯಕ್ಕೆ ಕಾರ್ಯದರ್ಶಿಗಳು ನೀಟು. ಒಂದೊಂದಾಗಿ ಅವರ ಕೈಯಾರೆ ಜೋಡಿಸಿಟ್ರು. ಆಮೇಲೆ ನಾನು ತೆಗೆದೂ ಇಲ್ಲ. ತೆಗೆಯೋಕೆ ಕೆಲಸ ಎಲ್ಲಿದೆ?”

“ಮತ್ತೆ ಯಾಕೆ ಹೊತ್ಕೊಂಡು ತಿರುಗ್ತೀಯ?”

“ಚೀಲ ಇಲ್ದಿದ್ರೆ ಕೈ ಎಲ್ಲಿ ಇಡೋದು ಅಂತ ಗೊತ್ತಾಗಲ್ಲಣ್ಣ.”

ಅತ್ತೆ ಎದ್ದು ಸೀರೆಯ ಹಿಂಬದಿ ಕೊಡವಿಕೊಂಡರು. “ನಡೀರಿ. ಇಲ್ಲಿ ನೋಡೋದು ಮುಗೀತು. ಏನೂ ಕಾಣಲಿಲ್ಲ.”

*

ಕಾರು ಕಟ್ಟಡದ ನೆರಳಿನಲ್ಲಿ ನಿಂತಿತ್ತು. ಬೀಗದಣ್ಣ ಹಿಂದೆ ಕೂತ, ಅತ್ತೆ ಮುಂದೆ.

“ಆ ಸೂಚನೆ ಯಾರೋ ಬೇಕೂಂತಲೇ ಬರೆದಿರ್ಬೇಕು,” ಎಂದ ಅಳಿಯ. “ಮಗು ಅಂದ್ರೆ ಇವನು ಪ್ರಶ್ನೆ ಕೇಳದೆ ಸದ್ದಿಲ್ಲದೆ ತೆಗೀತಾನೆ. ಭಾರೀ ತಲೆ.”

“ಅಷ್ಟು ತಲೆ ಇದ್ದವರು ಇಲ್ಲದ ಬೆಲ್ಲನ್ನ ಯಾಕೆ ಒತ್ತಬೇಡಿ ಅಂತಾರೆ?”

“ತಲೆ ಓಡ್ಬೇಕಂದ್ರೆ ಕಾಫಿ ಬೇಕು ಅತ್ತೆ,” ಎಂದು ಅಳಿಯ ಫೋನು ತೆಗೆದು ಅದೇ ಆ್ಯಪಿನಲ್ಲಿ ಮೂರು ಕಾಫಿ ತರಿಸಿದ. ನಕ್ಷೆಯ ಮೇಲೆ ಕಾರು ನಿಂತ ಜಾಗಕ್ಕೆ ಗುರುತು ಎಳೆದಿಟ್ಟ. ಹಸಿರು ಚುಕ್ಕೆಯೊಂದು ತಮ್ಮ ಕಡೆ ಹರಿದು ಬರುವುದನ್ನು ಮೂವರೂ ಇರುವೆ ನೋಡುವ ಮಕ್ಕಳಂತೆ ನೋಡುತ್ತ ಕೂತರು.

ಚುಕ್ಕೆ ಹತ್ತಿರ ಬಂತು. ಸ್ಕೂಟರಿನ ಸದ್ದು ಮಾತ್ರ ಬರಲಿಲ್ಲ.

ಅಳಿಯನ ಪಕ್ಕದ ಗಾಜಿನ ಮೇಲೆ ಯಾರೋ ಉಗುರಿನಿಂದ ಮೆಲ್ಲಗೆ ಕೆರೆದರು. ಹೆಲ್ಮೆಟ್ ಹಾಕಿದ ಹೆಂಗಸೊಬ್ಬಳು ಸೊಂಟ ಬಗ್ಗಿಸಿ, ಕಾಫಿಯ ಕಟ್ಟನ್ನು ಎದೆಗವಚಿಕೊಂಡು ನಿಂತಿದ್ದಳು. ಸ್ಕೂಟರನ್ನು ಮೂಲೆಯಲ್ಲೇ ಬಿಟ್ಟು ತುದಿಗಾಲಿನಲ್ಲಿ ಬಂದಿದ್ದಳು.

“ಅಣ್ಣಾ,” ಎಂದು ಪಿಸುಗುಟ್ಟಿದಳು, “ಇನ್ನೂ ಎದ್ದಿಲ್ಲ ತಾನೇ?”

“ಯಾರು?” ಎಂದರು ಅತ್ತೆ.

“ಇವರ ಅತ್ತೆ.”

ಅಳಿಯ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ, ಕಾರು ಓಡುತ್ತಿರುವಂತೆ.

“ಯಾಕಮ್ಮ ಹಾಗೆ ಕೇಳ್ತೀಯ?”

“ಬರೆದಿದೆಯಲ್ಲಮ್ಮ. ‘ಅತ್ತೆ ಮಲಗಿದ್ದಾರೆ, ಬೆಲ್ ಒತ್ತಬೇಡಿ, ಅಡುಗೆಮನೆ ಕಿಟಕಿ ಹತ್ರ ಬನ್ನಿ.’ ಇಲ್ಲಿ ಅಡುಗೆಮನೆ ಕಾಣ್ಲಿಲ್ಲ. ಅದಕ್ಕೇ ಕಾರಿನ ಕಿಟಕಿಗೆ ಬಂದೆ.”

ಅತ್ತೆ ನಿಧಾನವಾಗಿ ತಿರುಗಿದರು. “ಏನು ಅಳಿಯಂದಿರೇ? ನಾನು ಮಲಗಿದಾಗ ಅಡುಗೆಮನೆ ಕಿಟಕಿಗೆ ಏನು ಬರುತ್ತೆ?”

“ಕ್ರೀಮ್ ಬನ್ನು,” ಎಂದ ಅಳಿಯ, ಗಾಜಿನಾಚೆ ನೋಡುತ್ತ.

“ದಿನಾ?”

“ದಿನಾ ಅಲ್ಲ. ರಜಾ ದಿನ ಅಂಗಡಿ ಮುಚ್ಚಿರುತ್ತೆ.”

“ಬೆಕ್ಕು ಕಣ್ಮುಚ್ಕೊಂಡು ಹಾಲು ಕುಡೀತು ಅಂತ ಕೇಳಿದ್ದೆ. ಅತ್ತೆ ಕಣ್ಣು ಮುಚ್ಚಿದಾಗ ಬನ್ನು ತಿನ್ನೋ ಅಳಿಯನನ್ನ ಈಗ ನೋಡ್ದೆ.”

“ಡಾಕ್ಟ್ರು ನಿಮಗೆ ಸಿಹಿ ಬೇಡ ಅಂದಿದ್ದಾರಲ್ಲ ಅತ್ತೆ. ನಿಮ್ಮೆದುರು ತಿನ್ನೋಕೆ ಮನಸ್ಸು ಬರಲ್ಲ.”

“ಓಹೋ. ನನ್ನ ಮೇಲಿನ ಕನಿಕರಕ್ಕೆ ಕದ್ದು ತಿಂತಿದ್ದೀರಿ.”

ಹಿಂದಿನ ಸೀಟಿನಿಂದ ಒಂದು ವಿಚಿತ್ರ ಸದ್ದು ಬಂತು. ಬೀಗದಣ್ಣ ನಗುತ್ತಿದ್ದ. ಶುಕ್ರವಾರದಿಂದ ಈಚೆಗೆ ಅದೇ ಮೊದಲು.

ಅತ್ತೆ ಮಾತ್ರ ನಗಲಿಲ್ಲ. ಕಾಫಿ ಲೋಟವನ್ನು ಕೈಯಲ್ಲಿ ಹಿಡಿದವರು ಕುಡಿಯುವುದನ್ನೇ ಮರೆತಿದ್ದರು.

“ಈಗ ನೀವು ಆ ಸೂಚನೆ ಬರೆದ್ರಾ?”

“ಇಲ್ಲ ಅತ್ತೆ. ಎಂದೋ ಬರೆದಿದ್ದು. ಒಂದು ಸಲ ಬರೆದ್ರೆ ಅಳಿಸೋ ತನಕ ಪ್ರತಿ ಆರ್ಡರಿಗೂ ತಾನೇ ಅಂಟ್ಕೊಂಡು ಹೋಗುತ್ತೆ. ಮರೆತೇಬಿಟ್ಟಿದ್ದೆ.”

“ಕಾಫಿ ತರ್ಸಿದ್ರೂ?”

“ಕಾಫಿ ತರ್ಸಿದ್ರೂ, ನಲ್ಲಿ ರಿಪೇರಿಯವರನ್ನ ಕರೆಸಿದ್ರೂ...” ಅಳಿಯನ ಮಾತು ಅಲ್ಲೇ ನಿಂತಿತು.

“ಬೀಗದವರನ್ನ ಕರೆಸಿದ್ರೂ,” ಎಂದು ಅತ್ತೆ ಮುಗಿಸಿದರು.

“ಆದ್ರೆ ಗುರುತು ಮೇಷ್ಟ್ರ ಮನೆ ಮೇಲಿತ್ತಲ್ಲಮ್ಮ,” ಎಂದ ಬೀಗದಣ್ಣ. “ಗುರುತು ಎಲ್ಲಿದ್ರೆ ಗಿರಾಕಿ ಅಲ್ಲೇ. ಎರಡೂ ಒಂದೇ ಅಲ್ವಾ, ಅಳಿಯ ಅಲ್ಲ ಮಗಳ ಗಂಡ ಅನ್ನೋ ಹಾಗೆ?”

“ಅಲ್ಲ,” ಎಂದ ಅಳಿಯ. ಫೋನನ್ನು ಹಿಂದಕ್ಕೆ ಚಾಚಿ, ನಕ್ಷೆಯ ಕೆಂಪು ಗುರುತನ್ನು ಬೆರಳಿನಿಂದ ಎಳೆದು ಊರಿನ ಆಚೆ ತುದಿಯ ಈಜುಕೊಳದ ಮಧ್ಯೆ ಇಟ್ಟ. “ನೋಡು. ನಾನು ಕಾರಲ್ಲಿದ್ದೀನಿ, ಕಾಫಿ ನೀರಿಗೆ ಹೋಗುತ್ತೆ. ಗುರುತು ಎಲ್ಲಿಗೆ ಬೇಕಾದ್ರೂ ಹೋಗುತ್ತೆ. ಸೂಚನೆ ಮಾತ್ರ ನನ್ನ ಜೊತೆಗೇ ಇರುತ್ತೆ.”

“ಅಂದ್ರೆ ಮಗು ಸುಳ್ಳಲ್ಲ,” ಎಂದರು ಅತ್ತೆ. “ಮಗು ಇದೆ. ಬೆಲ್ಲೂ ಇದೆ. ಈ ಮನೇಲಲ್ಲ. ಕರೆಸಿದವರ ಮನೇಲಿ.”

ಹೆಲ್ಮೆಟ್ಟಿನ ಹೆಂಗಸು ಇನ್ನೂ ಅಲ್ಲೇ ನಿಂತಿದ್ದಳು. ಹೀಗೊಂದು ಮಾತುಕತೆ ಬಿಟ್ಟು ಹೋಗುವುದು ಯಾರಿಂದಲಾದರೂ ಸಾಧ್ಯವೇ?

“ತಾಯಿ, ಈ ಕಡೆಯ ಮನೆಗಳು ನಿಂಗೆ ಗೊತ್ತಿರ್ಬೇಕಲ್ಲ,” ಎಂದರು ಅತ್ತೆ.

“ನಂಬರಿಂದ ಗೊತ್ತಿಲ್ಲಮ್ಮ. ಸೂಚನೆಯಿಂದ ಗೊತ್ತು. ‘ಲಿಫ್ಟ್ ಕೆಟ್ಟಿದೆ’ ಮನೆ. ‘ಚಪ್ಪಲಿ ಪಕ್ಕ ಇಡಿ’ ಮನೆ. ‘ನಾಯಿ ಕಚ್ಚಲ್ಲ’ ಮನೆ, ಅಲ್ಲಿ ಕಚ್ಚಿಸ್ಕೊಂಡಿದ್ದೀನಿ.”

“‘ಮಗು ಈಗ ತಾನೇ ಮಲಗಿದೆ’ ಮನೆ?”

ಅವಳು ಹೆಲ್ಮೆಟ್ಟಿನೊಳಗೇ ನಕ್ಕಳು. “ಬೆಳಗ್ಗೆ ಹೋದ್ರೂ ಈಗ ತಾನೇ. ಸಂಜೆ ಹೋದ್ರೂ ಈಗ ತಾನೇ. ಅಂಥ ಮಗು ನಂಗೂ ಒಂದು ಹುಟ್ಟಬಾರದಿತ್ತಾ ಅಂತ ಅಂದ್ಕೊಳ್ತೀನಿ. ನಂದು ಎರಡು ವರ್ಷ ಕಣ್ಣೇ ಮುಚ್ಚಲಿಲ್ಲ.”

“ಎಲ್ಲಿ ಆ ಮನೆ?”

ನಗು ನಿಂತಿತು. “ಅದು ಹೇಳೋ ಹಾಗಿಲ್ಲಮ್ಮ. ಗೊತ್ತಾದ್ರೆ ಕೆಲಸದಿಂದ ತೆಗೀತಾರೆ.”

ಅತ್ತೆ ಒತ್ತಾಯಿಸಲಿಲ್ಲ. ಕಿಟಕಿಯಾಚೆ ಕೈ ಚಾಚಿ ಅವಳ ಮುಂಗೈ ತಟ್ಟಿದರು. ಅವಳು ಹಿಂದಿನ ಸೀಟಿನಲ್ಲಿ ಚೀಲ ಅಪ್ಪಿಕೊಂಡು ಕೂತವನನ್ನು ನೋಡಿದಳು.

“ಇವರು ಬೀಗದಣ್ಣ ಅಲ್ವಾ? ಒಂದು ಸಲ ಕೀಲಿ ಸ್ಕೂಟರಿನ ಡಿಕ್ಕಿ ಒಳಗೇ ಉಳಿದುಹೋಗಿತ್ತು. ಬಂದು ತೆಗೆದುಕೊಟ್ಟು, ‘ಇದಕ್ಕೆಲ್ಲ ಏನು ತಗೊಳ್ಳೋದು’ ಅಂತ ಹೋದ್ರು.” ಸ್ವಲ್ಪ ತಡೆದು ಹೇಳಿದಳು, “ನನ್ನ ಮುಂದಿನ ಆರ್ಡರ್ ಆ ಬೀದಿ ದಾಟಿಯೇ ಹೋಗುತ್ತೆ. ಹಿಂದೆ ಯಾರು ಬರ್ತಾರೆ ಅಂತ ನಾನು ತಿರುಗಿ ನೋಡಲ್ಲ.”

*

ಅವಳು ತಿರುಗಿ ನೋಡಲಿಲ್ಲ. ಎರಡು ಬೀದಿ ದಾಟಿ, ಮೂರನೆಯದರ ಮೂಲೆಯಲ್ಲಿ ಸ್ಕೂಟರಿನ ಎಂಜಿನ್ ಆರಿಸಿದಳು. ಇಳಿಜಾರಿನಲ್ಲಿ ಸದ್ದಿಲ್ಲದೆ ಜಾರಿ, ನೀಲಿ ಗೇಟಿನ ಮನೆಯೊಂದನ್ನು ದಾಟಿದ ಮೇಲೆ ಮತ್ತೆ ಎಂಜಿನ್ ಶುರು ಮಾಡಿ ಹೊರಟುಹೋದಳು.

“ಅಭ್ಯಾಸ,” ಎಂದರು ಅತ್ತೆ ಮೆಚ್ಚುಗೆಯಿಂದ.

ನೀಲಿ ಗೇಟಿನೊಳಗೆ ತಂತಿಯ ಮೇಲೆ ಅಂಗೈಯಗಲದ ಅಂಗಿಗಳು ಒಣಗುತ್ತಿದ್ದವು. ಬಾಗಿಲ ಪಕ್ಕ ದೊಡ್ಡದೊಂದು ಬೆಲ್. ಅದರ ಮೇಲೆ ಯಾರೋ ಹತ್ತಿ ಇಟ್ಟು ಟೇಪು ಸುತ್ತಿದ್ದರು.

ಬೀಗದಣ್ಣ ಕಾರಿನಿಂದ ಇಳಿಯಲಿಲ್ಲ. “ಅಮ್ಮ,” ಎಂದ. “ಇದು ಕಾರ್ಯದರ್ಶಿಗಳ ಮನೆ.”

“ಇಳಿಯಪ್ಪ. ನಿನ್ನ ಕೆಲಸಕ್ಕೇ ಬಂದಿರೋದು.”

ಅತ್ತೆ ಬಾಗಿಲ ಮೇಲೆ ಉಗುರಿನಿಂದ ಕೆರೆದರು, ಈಗಷ್ಟೇ ಕಲಿತ ಹಾಗೆ. ಬಾಗಿಲು ತೆಗೆದವರು ಕಾರ್ಯದರ್ಶಿಗಳೇ. ಕಿವಿಯ ಮೇಲೆ ಪೆನ್ನು, ಹೆಗಲ ಮೇಲೆ ಮಗುವಿನ ಟವೆಲು. ಮೂವರನ್ನೂ ನೋಡಿ ಅವರ ಹುಬ್ಬು ಮೇಲೇರಿತು. ಆದರೆ ಬಾಯಿ ತೆರೆಯುವ ಮೊದಲು ಬೆರಳು ತಾನಾಗಿಯೇ ತುಟಿಯ ಮೇಲೆ ಬಂತು.

“ಶ್. ಮಗು ಈಗ ತಾನೇ ಮಲಗಿದೆ.”

ಅಳಿಯ ಬೀಗದಣ್ಣನ ಕಡೆ ನೋಡಿದ. ಬೀಗದಣ್ಣ ಅತ್ತೆಯ ಕಡೆ. ಅತ್ತೆ ಚಪ್ಪಲಿ ಬಿಟ್ಟು ಒಳಗೆ ನಡೆದರು.

ಹಾಲಿನ ನಡುವೆ ತೊಟ್ಟಿಲು. ಪಕ್ಕದ ಬೆತ್ತದ ಸ್ಟೂಲಿನ ಮೇಲೆ ಕಾರ್ಯದರ್ಶಿಗಳ ಸೊಸೆ ಕೂತು ಮೆಲ್ಲಗೆ ತೂಗುತ್ತಿದ್ದಳು. ಕಣ್ಣ ಕೆಳಗೆ ನಿದ್ದೆಗೆಟ್ಟ ನೆರಳು. ಬೀಗದಣ್ಣನನ್ನು ಕಂಡ ಕೂಡಲೇ ತೊಟ್ಟಿಲು ನಿಂತಿತು. ಮಗು ಕೊಸರಿತು. ತೊಟ್ಟಿಲು ಮತ್ತೆ ತೂಗಿತು.

“ಸಭೆ ಇರೋದು ಸಂಜೆ,” ಎಂದು ಪಿಸುಗುಟ್ಟಿದರು ಕಾರ್ಯದರ್ಶಿ. “ಆರೋಪಿಯನ್ನ ಕರ್ಕೊಂಡು ಮನೆಗೆ ಬರೋದು ಯಾವ ನಿಯಮದಲ್ಲಿದೆ?”

“ಒಂದೇ ಒಂದು ಪ್ರಶ್ನೆ ಇತ್ತು,” ಎಂದು ಅತ್ತೆಯೂ ಪಿಸುಗುಟ್ಟಿದರು. “ಇವನನ್ನ ಮೇಷ್ಟ್ರ ಮನೆಗೆ ಕರೆಸಿದ್ದು ಯಾರು?”

“ಯಾರೂ ಇಲ್ಲ. ಅದನ್ನೇ ಸಂಘ ತೀರ್ಮಾನಿಸಿದೆ. ಬೀಗ ಕಾಯಬೇಕಾದವನೇ ಬೀಗ ಮುರಿದಿದ್ದಾನೆ. ಬೇಲಿನೇ ಎದ್ದು ಹೊಲ ಮೇಯ್ದಿದೆ.” ಸಭೆಯಲ್ಲಿ ಮೇಜು ಗುದ್ದಿ ಹೇಳುವ ಮಾತಿದು. ಪಿಸುದನಿಯಲ್ಲಿ ಅದು ಗುಟ್ಟು ಹೇಳಿದಂತಾಯಿತು. ಆ ಕೊರತೆ ತುಂಬಲು ಅವರು ಗಾಳಿಯಲ್ಲೇ ಒಂದು ಗುದ್ದು ಗುದ್ದಿದರು.

“ಬೀಗ ಮುರಿದಿಲ್ಲ ಸ್ವಾಮಿ, ತೆಗೆದಿದ್ದು,” ಎಂದು ಪಿಸುಗುಟ್ಟಿದ ಬೀಗದಣ್ಣ. “ನಾನು ಈವರೆಗೆ ಒಂದು ಬೀಗನೂ ಮುರಿದಿಲ್ಲ.” ಕಳ್ಳ ಎಂದದ್ದಕ್ಕಿಂತ ಅದೇ ಅವನಿಗೆ ಹೆಚ್ಚು ನೋವು ಮಾಡಿದಂತಿತ್ತು.

ಅತ್ತೆ ಅವರಿಬ್ಬರನ್ನೂ ಬಿಟ್ಟು ತೊಟ್ಟಿಲ ಪಕ್ಕ ನೆಲದ ಮೇಲೆ ಕೂತರು. ಮಗುವಿನ ಮುಷ್ಟಿಯನ್ನು ನೋಡಿದರು. “ಎಷ್ಟು ತಿಂಗಳು?”

“ಆರು,” ಎಂದಳು ಸೊಸೆ.

“ಮನೆ ಬಿಟ್ಟು ಹೊರಗೆ ಹೋಗೋಕೆ ಆಗಲ್ಲ ಅಲ್ವಾ? ಎಲ್ಲಾ ಫೋನಲ್ಲೇ ತರಿಸ್ಬೇಕು. ಔಷಧಿ, ತರಕಾರಿ, ಇಸ್ತ್ರಿಯವರು. ಒಂದು ಉಪಕಾರ ಮಾಡ್ತೀಯಾ ಮಗಳೇ? ನಂಗೊಂದು ಕಾಫಿ ತರ್ಸು. ಆ ಸೂಚನೆ ಅಳಿಸಬೇಡ, ಹಾಗೇ ಇರಲಿ.”

ಸೊಸೆ ಫೋನು ಎತ್ತಿಕೊಳ್ಳಲಿಲ್ಲ. ಅತ್ತೆಯ ಮುಖವನ್ನೇ ನೋಡಿದಳು.

“ನಾನೇ ಕರೆಸಿದ್ದು,” ಎಂದಳು.

“ಏನಂದೆ?” ಕಾರ್ಯದರ್ಶಿ ಪಿಸುಗುಟ್ಟುವುದನ್ನು ಮರೆತರು.

ತೊಟ್ಟಿಲಿನಿಂದ ‘ಙೇ’ ಎಂಬ ಸಣ್ಣ ಸದ್ದು ಬಂತು. ಐವರೂ ಇದ್ದಲ್ಲೇ ಕಲ್ಲಾದರು. ಬೀಗದಣ್ಣ ಒಂದು ಕಾಲೆತ್ತಿದವನು ಹಾಗೇ ನಿಂತ. ಮಗು ತುಟಿ ಚೀಪಿ, ತಲೆ ಹೊರಳಿಸಿ, ಮತ್ತೆ ನಿದ್ದೆಗೆ ಜಾರಿತು. ಐವರ ಉಸಿರೂ ಒಟ್ಟಿಗೆ ಹೊರಬಂತು.

“ಮದುವೆಗೆ ಮುಂಚೆ ಮೇಷ್ಟ್ರ ಹತ್ರ ಪಾಠ ಕಲೀತಿದ್ದೆ,” ಎಂದಳು ಸೊಸೆ ಮೆಲ್ಲಗೆ. “ಅವತ್ತು ಅವರೇ ಫೋನ್ ಮಾಡಿದ್ರು. ಅವರೇ ಅಂದ್ಕೊಂಡೆ. ಗಂಟಲು ಕಟ್ಟಿತ್ತು, ಹಿಂದೆ ರೈಲಿನ ಗದ್ದಲ. ‘ಬೀಗದ ಕೈ ಕಳೆದುಹೋಯ್ತಮ್ಮ, ಮಾತ್ರೆ ಮನೇಲಿದೆ, ತರೋಕೆ ಒಬ್ಬರನ್ನ ಕಳಿಸಿದ್ದೀನಿ, ಅವರು ಬಾಗಿಲ ಹತ್ರ ಇರ್ತಾರೆ. ನಂಗೆ ಈ ಆ್ಯಪೆಲ್ಲ ತಿಳಿಯಲ್ಲ, ನೀನೇ ಯಾರಾದ್ರೂ ಬೀಗದವರನ್ನ ಕರೆಸು’ ಅಂದ್ರು. ಮಗು ಮಲಗಿತ್ತು. ಕೂತಲ್ಲಿಂದಲೇ ಗುರುತನ್ನ ಅವರ ಮನೆ ಮೇಲೆ ಎಳೆದಿಟ್ಟೆ.”

“ಪಿಸುಮಾತಲ್ಲಿ ಫೋನ್ ಎತ್ತಿದ್ದು ನೀವೇನಾ?” ಎಂದ ಬೀಗದಣ್ಣ.

“ನಾನೇ.”

ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. “ಇದ್ದೀರಾ ತಾಯಿ,” ಎಂದ. “ನಿಜವಾಗ್ಲೂ ಇದ್ದೀರಾ. ನೀವು ಇಲ್ಲವೇ ಇಲ್ಲ ಅಂತ ಎಲ್ಲರೂ ಹೇಳಿ ಹೇಳಿ, ನಂಗೇ ಎಲ್ಲೋ ಕನಸು ಬಿತ್ತಾ ಅಂತ...” ಚೀಲ ಹಿಡಿದ ಕೈಯಿಂದಲೇ ಕಣ್ಣೊರೆಸಿಕೊಂಡ.

“ಇಷ್ಟು ದಿನ ಯಾಕೆ ಹೇಳಲಿಲ್ಲ?” ಅತ್ತೆ ಕೇಳಿದರು.

ಸೊಸೆ ಮಾವನ ಕಡೆ ನೋಡಿದಳು. “ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಮಾವ ದೂರು ಬರೆಸಿಬಿಟ್ಟಿದ್ರು. ಬೀಗದವನ ಜೊತೆ ಇದರಲ್ಲಿ ಕೈ ಜೋಡಿಸಿದವರು ಯಾರೇ ಇದ್ರೂ ಅವರೂ ಕಳ್ಳರೇ ಅಂತ. ಮನೆಮನೆಗೆ ಹೋಗಿ ಸಹಿ ಹಾಕ್ಸಿದ್ರು.” ಅವಳ ದನಿ ಇನ್ನೂ ಇಳಿಯಿತು. “ನಾನೂ ಹಾಕಿದ್ದೀನಿ.”

ಅಳಿಯ ನಗು ತಡೆಯಲು ಕಿಟಕಿಯಾಚೆಯ ಅಂಗಿಗಳನ್ನು ಎಣಿಸತೊಡಗಿದ.

ಕಾರ್ಯದರ್ಶಿ ಕುರ್ಚಿಯ ಮೇಲೆ ಕುಸಿದರು. ಹೆಗಲ ಟವೆಲಿನಿಂದ ಹಣೆ ಒರೆಸಿಕೊಂಡರು. ಆದರೆ ಹೆಚ್ಚು ಹೊತ್ತು ಕುಸಿದಿರುವ ಜನ ಅವರಲ್ಲ.

“ಆಯ್ತು. ಕರೆಸಿದ್ದು ನಮ್ಮ ಹುಡುಗಿ. ಅವಳು ಪಾಪ, ನಂಬಿ ಮೋಸ ಹೋಗಿದ್ದಾಳೆ. ಆದ್ರೆ ಅವಳನ್ನ ನಂಬಿಸಿದವನು ಯಾರು? ಆ ಫೋನ್ ಮಾಡಿದವನೇ ಕಳ್ಳ. ಅಲ್ವಾ?”

“ಅಲ್ವೇ ಮತ್ತೆ,” ಎಂದರು ಅತ್ತೆ. “ನಂಬರ್ ಇದೆಯಾ ಮಗಳೇ?”

ಸೊಸೆ ಫೋನಿನಲ್ಲಿ ಹಿಂದಕ್ಕೆ ಹಿಂದಕ್ಕೆ ಹೋಗಿ ಶುಕ್ರವಾರಕ್ಕೆ ಬಂದಳು. ಹೆಸರಿಲ್ಲದ ಒಂದು ನಂಬರು. “ಮೇಷ್ಟ್ರ ನಂಬರಲ್ಲ. ಆಗ ಬೇರೆ ಯಾರದ್ದೋ ಫೋನಿಂದ ಮಾಡ್ತಿದ್ದಾರೆ ಅಂದ್ಕೊಂಡೆ. ಆಮೇಲೆ ಮಾಡಿ ನೋಡೋಕೆ ಭಯ ಆಯ್ತು.”

“ಈಗ ನಾವಿದ್ದೀವಿ. ಮಾಡು.”

ಅವಳು ಹಿಂಜರಿದಳು. ಕಣ್ಣು ತೊಟ್ಟಿಲಿನ ಕಡೆ ಹೋಯಿತು.

“ಮಾಡಮ್ಮ, ಮಾಡು,” ಎಂದರು ಕಾರ್ಯದರ್ಶಿ. ಈ ಸಲ ಪಿಸುಗುಟ್ಟಲಿಲ್ಲ.

ಅತ್ತೆ ತಲೆಯೆತ್ತಿ ಅವರನ್ನು ಒಮ್ಮೆ ನೋಡಿದರು.

ಸೊಸೆ ಒತ್ತಿದಳು. ಒಂದು ಕ್ಷಣ ಏನೂ ಇಲ್ಲ. ಗಡಿಯಾರದ ಸದ್ದು, ತೊಟ್ಟಿಲಿನ ಕಿರ್ ಕಿರ್.

ಆಮೇಲೆ ಹಾಲಿನ ನಡುವೆ, ಎಲ್ಲೋ ಕಬ್ಬಿಣದ ರಾಶಿಯ ಅಡಿಯಲ್ಲಿ ಹೂತುಹೋದಂತೆ, ಹಳೆಯ ಕಾಲದ ಕೀರಲು ಗಂಟೆ ಬಾರಿಸತೊಡಗಿತು. ಉಳಿ, ಇಕ್ಕಳ, ಕೀಲಿಗೊಂಚಲು ಎಲ್ಲ ಒಟ್ಟಿಗೆ ಝಣಗುಟ್ಟಿದವು. ಸದ್ದು ಬರುತ್ತಿದ್ದದ್ದು ಬೀಗದಣ್ಣನ ಚೀಲದಿಂದ.

ಮಗು ಎದ್ದಿತು. ಆರು ತಿಂಗಳಲ್ಲಿ ಕೂಡಿಟ್ಟ ಅಳುವನ್ನೆಲ್ಲ ಒಂದೇ ಸಲ ಬಿಟ್ಟಿತು.

“ಇದು ನಂದಲ್ಲ,” ಎಂದ ಬೀಗದಣ್ಣ. ಆ ಗದ್ದಲದಲ್ಲಿ ಅವನ ತುಟಿ ಆಡಿದ್ದು ಮಾತ್ರ ಕಂಡಿತು. ತನ್ನ ಚೀಲವನ್ನು ತೋಳುದ್ದ ದೂರಕ್ಕೆ ಹಿಡಿದಿದ್ದ, ಹಾವು ಹಿಡಿದವನಂತೆ. ಅಳಿಯ ತನಗೇ ಗೊತ್ತಿಲ್ಲದೆ ಅವನಿಂದ ಒಂದು ಹೆಜ್ಜೆ ಸರಿದ.

“ನೋಡಿದ್ರಾ?” ಕಾರ್ಯದರ್ಶಿಗಳಿಗೆ ಸಭೆಯ ದನಿ ಪೂರ್ತಿ ವಾಪಸು ಬಂದಿತ್ತು. “ಹೇಳಲಿಲ್ವಾ ನಾನು? ಬೇಲಿನೇ ಎದ್ದು ಹೊಲ ಮೇಯ್ದಿದೆ. ಇನ್ನೇನು ಸಾಕ್ಷಿ ಬೇಕು ನಿಮಗೆ?”

ಸೊಸೆ ಒಂದು ಕೈಯಲ್ಲಿ ಮಗುವನ್ನೆತ್ತಿ ಹೆಗಲಿಗೆ ಹಾಕಿಕೊಂಡಳು. ಇನ್ನೊಂದು ಕೈಯಲ್ಲಿ ಫೋನು ಹಾಗೇ ಇತ್ತು. ನಿಲ್ಲಿಸುವುದು ಅವಳಿಗೆ ಹೊಳೆಯಲಿಲ್ಲ. ಚೀಲ ಬಾರಿಸುತ್ತಲೇ ಇತ್ತು.

ಅತ್ತೆ ಎದ್ದರು. ಚೀಲದ ಬಾಯಿ ಬಿಚ್ಚಿ ಮೊಣಕೈವರೆಗೆ ಕೈ ಇಳಿಸಿದರು. ತುಕ್ಕು ಹಿಡಿದ ಬೀಗಗಳ ಅಡಿಯಿಂದ ಸೋಪಿನಷ್ಟು ಅಗಲದ, ಗುಂಡಿಗಳು ಸವೆದ ಹಳೆಯ ಫೋನೊಂದು ಮೇಲೆ ಬಂತು. ನಕ್ಷೆ, ಆ್ಯಪು, ಗುರುತು, ಯಾವುದೂ ಇಲ್ಲದ ಫೋನು. ವಾರಗಟ್ಟಲೆ ಚಾರ್ಜು ಇರುವಂಥದ್ದು.

ಕಾರ್ಯದರ್ಶಿ ಕೈ ಚಾಚಿದರು. “ಕೊಡಿ ಇಲ್ಲಿ. ಸಭೆಗೆ ಒಪ್ಪಿಸ್ಬೇಕು.”

ಅತ್ತೆ ಕೊಡಲಿಲ್ಲ. ಕನ್ನಡಕ ಸರಿಮಾಡಿಕೊಂಡು ಫೋನಿನ ಪುಟ್ಟ ಪರದೆಯನ್ನು ನೋಡಿದರು. ಕರೆ ಮಾಡುತ್ತಿರುವವರ ನಂಬರು ಇರಬೇಕಾದ ಜಾಗದಲ್ಲಿ ನಂಬರು ಇರಲಿಲ್ಲ. ಈ ಫೋನು ಇಟ್ಟುಕೊಂಡವರು ಎಂದೋ ಅವಳ ನಂಬರಿಗೆ ಹೆಸರು ಕೊಟ್ಟು ಉಳಿಸಿಕೊಂಡು, ಕೊಟ್ಟದ್ದನ್ನೇ ಮರೆತಿದ್ದರು.

ಪರದೆಯ ಮೇಲೆ ಒಂದೇ ಒಂದು ಪದ ಮಿನುಗುತ್ತಿತ್ತು: ‘ಸೊಸೆ’.

ಅತ್ತೆ ನಿಧಾನವಾಗಿ ಅದರ ಮೇಲೆ ಅಂಗೈ ಮುಚ್ಚಿದರು. ಬೀಗದಣ್ಣನಿಗೆ ಇರುವುದು ಒಬ್ಬನೇ ಮಗ. ಅವನಿನ್ನೂ ಏಳನೇ ಕ್ಲಾಸು.